60 ರೂಪಾಯಿಯ ಸೀಲು

ನಮ್ಮ ಮನೆಯ ಜಗಲಿಯ ಗೂಡಿನಲ್ಲಿ ನಾಲ್ಕು ಉದ್ದ ಲೆಕ್ಕದ ಪುಸ್ತಕಗಳಿವೆ. ತೋಟದ ಲೆಕ್ಕ ಒಳಗಿನ ಕಪಾಟಿನಲ್ಲಿರುತ್ತದೆ, ಇವು ನಾಲ್ಕೂ ಜೀಪಿನವು. ಮೊದಲ ಪುಸ್ತಕದ ಮೊದಲ ಪುಟದಲ್ಲಿ ಅಪ್ಪನ ಓರೆ ಅಕ್ಷರ: ‘ಮಾರ್ಚ್ 1995. ಜೀಪು 1,15,000. ಕ್ರಾಸು 2, ಮುಂದಿನ ಬಲಗಾಲಿ ಸೀಲು, ಗ್ರೀಸು, ಕೂಲಿ ಸೇರಿ 640.’ ಕೊಂಡ ವಾರವೇ ರಿಪೇರಿ. ಅಪ್ಪನಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಹಸು ಕೊಂಡವನು ಹಿಂಡಿಯನ್ನೂ ತರಬೇಕಲ್ಲ, ಹಾಗೆ ತಂದಿದ್ದರು.

ಆ ವರ್ಷ ನಮ್ಮ ಮೂಡಿಗೆರೆಯ ಕಡೆ ಎಷ್ಟೋ ಅಂಗಳಗಳಿಗೆ ಜೀಪು ಬಂತು. ಕಾರಣ ಹುಟ್ಟಿದ್ದು ದೂರದ ಬ್ರೆಜಿಲ್‌ನಲ್ಲಿ. 1994ರ ಜೂನ್, ಜುಲೈ ತಿಂಗಳಲ್ಲಿ ಅಲ್ಲಿ ಇಬ್ಬನಿ ಹೆಪ್ಪುಗಟ್ಟಿ ಕಾಫಿ ಗಿಡಗಳು ಸುಟ್ಟುಹೋದವು, ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆ ಏರಿತು. ಕಾಫಿ ಬೋರ್ಡಿನ ಪೂಲ್ ವ್ಯವಸ್ಥೆ ಸಡಿಲಗೊಂಡು ಬೆಳೆಯ ಒಂದು ಪಾಲನ್ನು ಬೆಳೆಗಾರನೇ ಮಾರಿಕೊಳ್ಳಬಹುದಾಗಿದ್ದ ಕಾಲ ಅದು. ಹಾಗೆ ಕೈಗೆ ಬಂದ ದುಡ್ಡಿನಲ್ಲಿ ಅಪ್ಪ 1988ರ ಮಾಡೆಲಿನ ಮಹೀಂದ್ರ ಎಂಎಂ 540 ಕೊಂಡರು. ಏಳು ವರ್ಷ ಹಳೆಯದು, ಎರಡನೇ ಕೈ, ಕಡುಹಸಿರು ಬಣ್ಣ, ಹರಿದ ಹುಡ್ಡು.

ಈಗ ಆ ಜೀಪಿಗೆ ಮುವ್ವತ್ತೈದು ದಾಟಿ ಎಷ್ಟೋ ಕಾಲವಾಯಿತು. ನಮ್ಮ ಮನೆಗೆ ಬಂದೇ 30 ವರ್ಷ. ‘ಇದಕ್ಕೆ ಇಷ್ಟು ದುಡ್ಡು ಯಾಕೆ ಸುರೀತೀಯಾ, ಕೊಟ್ಟು ಹೊಸದು ತಗೋಬಾರದಾ’ ಎಂದು ಕೇಳದ ನೆಂಟರಿಲ್ಲ. ಅವರಿಗೆ ಉತ್ತರ ಕೊಡಬೇಕೆಂದೇ ಈ ಮಳೆಗಾಲಕ್ಕೆ ಮುಂಚೆ ನಾಲ್ಕೂ ಪುಸ್ತಕ ತೆಗೆದು, ಒಂದೊಂದೇ ಸಾಲು ಓದಿ ಲೆಕ್ಕ ಹಾಕಿದೆ. ಎಷ್ಟು ಖರ್ಚಾಗಿದೆ ಎನ್ನುವುದಕ್ಕಿಂತ ಯಾತಕ್ಕೆ ಖರ್ಚಾಗಿದೆ ಎನ್ನುವುದು ನನ್ನನ್ನು ಹಿಡಿದು ಕೂರಿಸಿತು. ದೊಡ್ಡ ಮೊತ್ತ ಬರೆದಿರುವ ಪುಟಗಳಿಂದ ಹಿಂದಕ್ಕೆ ತಿರುವುತ್ತ ಹೋದರೆ, ಆರು ತಿಂಗಳೋ ವರ್ಷವೋ ಹಿಂದೆ, ‘ಆಮೇಲೆ ನೋಡೋಣ’ ಎಂದು ಬಿಟ್ಟ ಒಂದು ಸಣ್ಣ ಕೆಲಸ ಸಿಗುತ್ತದೆ. ಒಂದೆರಡು ಕಡೆ ಅಲ್ಲ, ಹೆಚ್ಚುಕಮ್ಮಿ ಎಲ್ಲ ಕಡೆ.

2006ರ ಜುಲೈ ಪುಟ ಅದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಆಗ ಅಪ್ಪ ಹಾಸಿಗೆ ಹಿಡಿದಿದ್ದರು, ಜೀಪು ನನ್ನ ಕೈಗೆ ಬಂದಿತ್ತು. ಫೆಬ್ರುವರಿಯಿಂದಲೇ ಜೀಪು ನಿಲ್ಲಿಸಿದ ಜಾಗದಲ್ಲಿ, ಹಿಂದಿನ ಆಕ್ಸಲ್ಲಿನ ನೇರ ಕೆಳಗೆ, ಅಂಗಳದ ಮೇಲೆ ಕಪ್ಪು ಹನಿಗಳು ಬೀಳುತ್ತಿದ್ದವು. ಗ್ಯಾರೇಜಿನ ಮೇಸ್ತ್ರಿ ಬಗ್ಗಿ ನೋಡಿ, “ಗೌಡ್ರೆ, ಪಿನಿಯನ್ ಸೀಲ್ ಹೋಗಿದೆ, ಇವತ್ತೇ ಹಾಕ್ಬಿಡಾಣ” ಎಂದಿದ್ದರು. ಸೀಲಿಗೆ 60 ರೂಪಾಯಿ. ಆವತ್ತು ಕಾಫಿ ಒಣಗಿಸುವ ಕಣದಲ್ಲಿ ಆಳು ಕಾಯುತ್ತಿದ್ದರು, ಮೋಡ ಬೇರೆ ಹಾಕಿತ್ತು. ಮುಂದಿನ ವಾರ ಅಂದೆ. ಆ ಮುಂದಿನ ವಾರ ಬರುವಷ್ಟರಲ್ಲಿ ಮಳೆಗಾಲ ಬಂತು.

ನಮ್ಮ ಮನೆಯಿಂದ ಟಾರು ರಸ್ತೆಗೆ ಎರಡೂವರೆ ಕಿಲೋಮೀಟರ್ ಮಣ್ಣಿನ ದಾರಿ. ನಡುವೆ ಒಂದು ಹಳ್ಳ, ಅದರಾಚೆ ಎರಡು ಏರು. ಜುಲೈಯಲ್ಲಿ ಹಳ್ಳದ ನೀರು ಗಾಲಿಯ ನಡುಮಟ್ಟಕ್ಕೆ ಬರುತ್ತದೆ. ಓಡಿ ಬಂದ ಆಕ್ಸಲ್ ಬಿಸಿಯಾಗಿರುತ್ತದೆ. ಅದು ತಣ್ಣೀರಿನಲ್ಲಿ ಮುಳುಗಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ, ಕುಗ್ಗಿದ ಗಾಳಿ ಹೊರಗಿನಿಂದ ಏನಾದರೂ ಎಳೆದುಕೊಳ್ಳಲೇಬೇಕು. ಸೀಲು ಗಟ್ಟಿ ಇದ್ದು, ಉಸಿರಾಡುವ ತೂತು ನೀರಿನ ಮೇಲಿದ್ದರೆ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಸೀಲು ಹೋಗಿದ್ದರೆ ಹಳ್ಳದ ನೀರನ್ನು ಎಳೆಯುತ್ತದೆ. ನಾನು ದಿನಕ್ಕೆ ಎರಡು ಸಲ ಹಳ್ಳ ದಾಟುತ್ತಿದ್ದೆ.

ಮೂರು ವಾರ ಕಳೆದ ಮೇಲೆ ಹಿಂದಿನಿಂದ ಒಂದು ಗುಂಯ್ ಸದ್ದು ಶುರುವಾಯಿತು. ಡ್ರೈನ್ ನಟ್ಟು ಬಿಚ್ಚಿದರೆ ಹೊರಗೆ ಬಂದದ್ದು ಆಯಿಲ್ ಅಲ್ಲ, ಹಾಲು ಬೆರೆಸಿದ ಕಾಫಿಯಂಥ ದ್ರವ. ಬೇರಿಂಗು ತುಕ್ಕು ಹಿಡಿದಿತ್ತು, ಕ್ರೌನ್ ಪಿನಿಯನ್ ಹಲ್ಲುಗಳ ಮೈ ಕಿತ್ತುಹೋಗಿತ್ತು. ಮೇಸ್ತ್ರಿ ನನಗೆ ಒಂದು ಮಾತೂ ಅನ್ನಲಿಲ್ಲ, ಆ ದ್ರವ ತುಂಬಿದ ಡಬ್ಬಿಯನ್ನು ಪಕ್ಕಕ್ಕೆ ಇಟ್ಟರು, ಅಷ್ಟೆ. ಸೆಟ್ಟು, ಬೇರಿಂಗು, ಮೂರು ದಿನದ ಕೂಲಿ ಸೇರಿ 9,400. ಅದರ ಜೊತೆಗೆ ಜೀಪು ನಿಂತಿದ್ದ ಹತ್ತು ದಿನ ಗೊಬ್ಬರ ಹೊರಿಸಿದ್ದಕ್ಕೆ ಬಾಡಿಗೆ ಜೀಪಿಗೆ 3,000. ಪುಸ್ತಕದಲ್ಲಿ ಎರಡನ್ನೂ ಬರೆದಿದ್ದೇನೆ. 60 ರೂಪಾಯಿ ಎಂದು ಬರೆಯಬೇಕಿದ್ದ ಸಾಲು ಅದು.

ಕ್ರೌನ್ ಪಿನಿಯನ್ ಕೂರಿಸುವುದನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದ್ದು ಆಗಲೇ. ಹಲ್ಲುಗಳಿಗೆ ಎಣ್ಣೆಯಲ್ಲಿ ಕಲಸಿದ ಕೆಂಪು ಬಣ್ಣ ಹಚ್ಚಿ, ಕೈಯಲ್ಲಿ ತಿರುಗಿಸಿ, ಬಣ್ಣ ಎಲ್ಲಿ ಒರೆಸಿಹೋಗಿದೆ ಎಂದು ಬ್ಯಾಟರಿ ಬಿಟ್ಟು ನೋಡುವುದು. ಹಲ್ಲಿನ ನಡುಮೈಯಲ್ಲಿ ಗುರುತು ಬೀಳಬೇಕು. ತುದಿಗೋ ಬುಡಕ್ಕೋ ಬಿದ್ದರೆ ಮತ್ತೆ ಬಿಚ್ಚಿ, ಕಾಗದದಷ್ಟು ತೆಳುವಾದ ತಗಡಿನ ಶಿಮ್ ಒಂದನ್ನು ಹಾಕಿ ಅಥವಾ ತೆಗೆದು, ಮತ್ತೆ ಜೋಡಿಸಬೇಕು. ಮೇಸ್ತ್ರಿ ಐದು ಸಲ ಬಿಚ್ಚಿ ಐದು ಸಲ ಜೋಡಿಸಿದರು. ಆರನೇ ಸಲಕ್ಕೆ ಸರಿಯಾಯಿತು. ಅಲ್ಲಿಂದ ಇವತ್ತಿನವರೆಗೆ ಆ ಹೌಸಿಂಗ್ ಸದ್ದು ಮಾಡಿಲ್ಲ.

ಹೀಗೆ ಬಿಚ್ಚಿ ಜೋಡಿಸಲು ಸಾಧ್ಯವಾದದ್ದರಿಂದಲೇ ಈ ಗಾಡಿ ಇಷ್ಟು ಕಾಲ ಬದುಕಿದೆ. ಅದರ ಹುಟ್ಟು ಯುದ್ಧದ್ದು, ರಣರಂಗದಲ್ಲಿ ಮರದ ಕೆಳಗೆ ಕೂತು ದುರಸ್ತಿ ಮಾಡಲಿಕ್ಕೆಂದೇ ಹುಟ್ಟಿದ ವಿಲ್ಲೀಸ್ ಜೀಪಿನ ವಂಶ. ಲೂಧಿಯಾನದಲ್ಲಿ 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಶುರುವಾಗಿ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎಂಬ ಹೆಸರು ಪಡೆದ ಕಂಪನಿ, ಸ್ವಾತಂತ್ರ್ಯದ ಆಸುಪಾಸಿನಲ್ಲಿ ವಿಲ್ಲೀಸ್ ಜೀಪುಗಳನ್ನು ಬಿಡಿಬಿಡಿಯಾಗಿ ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಪೆಟ್ರೋಲ್ ಎಂಜಿನ್ನಿನ ಎತ್ತರ ಬಾನೆಟ್ಟಿನ ಜೀಪುಗಳು ನಮ್ಮ ಎಸ್ಟೇಟುಗಳಿಗೆ ಬಂದದ್ದು ಆ ದಾರಿಯಲ್ಲಿ. ಪೆಟ್ರೋಲ್ ತುಟ್ಟಿಯಾದ ಮೇಲೆ ಡೀಸೆಲ್ ಬಂತು. ನಮ್ಮ ಜೀಪಿನ ಎಂಜಿನ್ ಫ್ರಾನ್ಸಿನ ಪ್ಯೂಜೋ ಮೂಲದ ಎಕ್ಸ್‌ಡಿಪಿ 4.90. ನಾಲ್ಕು ಸಿಲಿಂಡರು, ಒಂದೊಂದರ ಅಗಲ 90 ಮಿಲಿಮೀಟರ್, ಹೆಸರಿನ ಅರ್ಥ ಇಷ್ಟೇ. ಒಟ್ಟು 2,112 ಸಿಸಿ. ಪ್ಯೂಜೋದವರು ಇದೇ ಅಳತೆಯ ಎಂಜಿನ್ನನ್ನು ತಮ್ಮ 504 ಕಾರಿಗೂ ಹಾಕಿದ್ದರು.

ಅಮೆರಿಕದ ಮೈ, ಫ್ರಾನ್ಸಿನ ಹೃದಯ. ಹಾಗಾಗಿ ಇದನ್ನು ಸಾಕುವವನ ಬಳಿ ಎರಡು ಪಾನಾ ಸೆಟ್ಟು ಇರಬೇಕು. ಚಾಸಿಯ ಬೋಲ್ಟುಗಳು ಇಂಚಿನ ಅಳತೆಯವು, ಎಂಜಿನ್ನಿನವು ಮಿಲಿಮೀಟರಿನವು. ಹದಿನೈದರ ಪಾನಾ 9/16 ಇಂಚಿನ ನಟ್ಟಿಗೆ ಕೂತ ಹಾಗೆ ಕಾಣುತ್ತದೆ, ಎಳೆದರೆ ನಟ್ಟಿನ ಮೂಲೆ ಸವೆಯುತ್ತದೆ. ಗಡಿಬಿಡಿಯಲ್ಲಿ ಹಾಗೆ ಎಳೆದ ಯಾರೋ ಒಬ್ಬ ಹುಡುಗನ ದೆಸೆಯಿಂದ ನಮ್ಮ ಜೀಪಿನ ಎಡ ಶ್ಯಾಕಲಿನ ಬೋಲ್ಟನ್ನು ಗ್ಯಾಸ್ ಹಚ್ಚಿ ಕತ್ತರಿಸಬೇಕಾಯಿತು.

ಜೀಪಿನ ದಿನಚರಿ ಹೇಳಿದರೆ ಕೆಲವರಿಗೆ ಇದೆಂಥ ಉಪದ್ರ ಅನ್ನಿಸಬಹುದು. ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಗ್ರೀಸ್ ಗನ್ ಹಿಡಿದು ಕೆಳಗೆ ಮಲಗಬೇಕು. ಎರಡು ಪ್ರೊಪೆಲರ್ ಶಾಫ್ಟಿನ ಕ್ರಾಸುಗಳು, ಜಾರುವ ಜಾಯಿಂಟು, ಸ್ಪ್ರಿಂಗ್ ಪ್ಲೇಟಿನ ಶ್ಯಾಕಲ್ಲು, ಸ್ಟೇರಿಂಗ್ ರಾಡುಗಳ ತುದಿ. ಹಳೆ ಗ್ರೀಸು ಕೆಸರಿನ ಬಣ್ಣದಲ್ಲಿ ಹೊರಗೆ ಬಂದು, ಅದರ ಹಿಂದೆ ಹೊಸ ಗ್ರೀಸಿನ ಬಣ್ಣ ಕಾಣುವವರೆಗೆ ಒತ್ತಬೇಕು. ಹಳ್ಳ ದಾಟಿದ ಮೇಲೆ ಬ್ರೇಕ್ ಪೆಡಲ್ಲನ್ನು ಹಗುರಾಗಿ ಅದುಮಿಕೊಂಡು ಸ್ವಲ್ಪ ದೂರ ಓಡಿಸಬೇಕು. ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು, ಒಳಗೆ ನೀರು ಹೊಕ್ಕರೆ ಮುಂದಿನ ಇಳಿಜಾರಿನಲ್ಲಿ ಹಿಡಿಯುವುದೇ ಇಲ್ಲ. ಬೆಳಿಗ್ಗೆ ಸೆಲ್ಫ್ ಹೊಡೆಯುವ ಮುಂಚೆ ಹೀಟರ್ ಪ್ಲಗ್ಗು ಕಾಯಲು ಬಿಡಬೇಕು, ಡಿಸೆಂಬರಿನ ಚಳಿಗೆ ಇನ್ನೂ ಸ್ವಲ್ಪ ಹೊತ್ತು. ಟಾರು ಸಿಕ್ಕ ಕೂಡಲೇ ಫೋರ್ ವೀಲ್ ಗೇರು ಬಿಡಿಸಬೇಕು. ಇದು ಮರೆಯಬಾರದ ಮಾತು. ಈ ಜೀಪಿನಲ್ಲಿ ಮುಂದಿನ ಆಕ್ಸಲ್ಲು, ಹಿಂದಿನ ಆಕ್ಸಲ್ಲು ಗೇರು ಹಾಕಿದ ಮೇಲೆ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ. ಕೆಸರಿನಲ್ಲಾದರೆ ಗಾಲಿ ಜಾರಿ ಆ ವ್ಯತ್ಯಾಸ ತೀರಿಸಿಕೊಳ್ಳುತ್ತದೆ. ಒಣ ಟಾರಿನಲ್ಲಿ ಜಾರಲು ಆಗುವುದಿಲ್ಲ, ಆ ಒತ್ತಡವೆಲ್ಲ ಶಾಫ್ಟಿನ ಮೇಲೆ, ಕ್ರಾಸಿನ ಮೇಲೆ, ಟ್ರಾನ್ಸ್‌ಫರ್ ಕೇಸಿನ ಹಲ್ಲಿನ ಮೇಲೆ ಬೀಳುತ್ತದೆ. ಒಮ್ಮೆ ನಮ್ಮಲ್ಲಿದ್ದ ಡ್ರೈವರು ಗೇರು ಬಿಡಿಸದೆ ಮೂಡಿಗೆರೆಗೆ ಹೋಗಿ ಬಂದ. ಆ ತಿಂಗಳ ಪುಟದಲ್ಲಿ ಎರಡು ಕ್ರಾಸು, ಒಂದು ಫ್ಲ್ಯಾಂಜು ಇದೆ.

2001ರ ಹಬ್ ಬೇರಿಂಗಿನ ಕಥೆಯೂ ಇದೇ ಜಾತಿಯದು, ಉದ್ದ ಹೇಳುವುದಿಲ್ಲ. ಬಿಚ್ಚಿ, ತೊಳೆದು, ಗ್ರೀಸು ತುಂಬಿ ಕೂರಿಸಲು 350 ರೂಪಾಯಿ ಆಗುತ್ತಿತ್ತು. ಗುರುಗುಟ್ಟುವ ಸದ್ದನ್ನು ಎರಡು ತಿಂಗಳು ಕೇಳಿಸಿಕೊಂಡು ಸುಮ್ಮನಿದ್ದದ್ದಕ್ಕೆ ಸ್ಪಿಂಡಲ್ ಕೂಡ ಹೋಗಿ 6,800 ಆಯಿತು. ಬರೆದದ್ದು ಅಪ್ಪನ ಕೈ. ಅವರೂ ಮುಂದೂಡುತ್ತಿದ್ದರು ಎಂದು ಗೊತ್ತಾಗಿ ನನಗೆ ಸ್ವಲ್ಪ ಸಮಾಧಾನವಾಯಿತು.

ಎಂಜಿನ್ ಎರಡು ಸಲ ಕೆಲಸಕ್ಕೆ ಬಂದಿದೆ. 2008ರದು ರೇಡಿಯೇಟರಿನ ಪಾಪ. ಕೆಳಗಿನ ಟ್ಯಾಂಕಿನ ಬೆಸುಗೆಯಲ್ಲಿ ನೀರು ಜಿನುಗುತ್ತಿತ್ತು, ದಿನಾ ಬೆಳಿಗ್ಗೆ ಒಂದು ಚೊಂಬು ಹೊಯ್ದು ಹೊರಡುತ್ತಿದ್ದೆ. ಒಂದು ದಿನ ಹೊಯ್ಯುವುದು ಮರೆತು, ಗೊಬ್ಬರ ತುಂಬಿಕೊಂಡು ಲೋ ಗೇರಿನಲ್ಲಿ ಏರು ಹತ್ತಿದೆ. ಹೆಡ್ಡು ಬಾಗಿತು, ಗ್ಯಾಸ್ಕೆಟ್ ಹೋಯಿತು. ಈ ಎಂಜಿನ್ನಿನಲ್ಲಿ ಲೈನರಿನ ಹೊರಮೈಗೆ ತಂಪಿನ ನೀರು ನೇರವಾಗಿ ತಾಗುತ್ತದೆ. ಲೈನರಿನ ಬುಡದಲ್ಲಿ ನೀರು ತಡೆಯುವ ರಬ್ಬರ್ ಉಂಗುರಗಳಿರುತ್ತವೆ, ಅವು ಸೆಡೆದು ನೀರು ಆಯಿಲಿಗೆ ಇಳಿದಿತ್ತು. ಒಳ್ಳೆಯ ಮಾತೆಂದರೆ ಬ್ಲಾಕನ್ನು ಕೊರೆಸಬೇಕಿಲ್ಲ, ಹಳೆ ಲೈನರ್ ಎಳೆದು ಹೊಸದು ಕೂರಿಸಿದರೆ ಎಂಜಿನ್ ಮತ್ತೆ ಮೊದಲಿನ ಅಳತೆಗೆ ಬರುತ್ತದೆ. ಪಿಸ್ಟನ್, ರಿಂಗು, ಲೈನರು, ಲೇತಿನ ಕೆಲಸ, ಎಲ್ಲ ಸೇರಿ 41,000. ಬೆಸುಗೆ ಹಾಕಿಸಲು ಎಷ್ಟಾಗುತ್ತಿತ್ತು ಎಂದು ಬರೆಯಲು ನನ್ನ ಕೈ ಏಳುವುದಿಲ್ಲ. 2021ರಲ್ಲಿ ಎರಡನೇ ಸಲ ಇಳಿಸಿದಾಗ ಡೀಸೆಲ್ ಪಂಪು, ನಾಜಲ್, ಕ್ಲಚ್ಚು ಸೇರಿ 1,08,000. ಅದು ಮುಂದೂಡಿದ್ದರ ಫಲವಲ್ಲ, ವಯಸ್ಸಿನದು. ಹದಿಮೂರು ವರ್ಷ ದುಡಿದ ಎಂಜಿನ್ ಕೇಳಿದ್ದನ್ನು ಕೊಟ್ಟೆ.

ತುಕ್ಕಿನ ವಿಷಯಕ್ಕೆ ಬಂದರೆ ಮಲೆನಾಡಿನವರು ತಪ್ಪನ್ನೆಲ್ಲ ಮಳೆಯ ಮೇಲೆ ಹಾಕುತ್ತೇವೆ. ನಾನೂ ಹಾಗೇ ನಂಬಿದ್ದೆ. 2014ರಲ್ಲಿ ನೆಲದ ತಗಡು ಕಿತ್ತು ನೋಡಿದಾಗ ಬೇರೆಯೇ ಕಂಡಿತು. ಮಳೆ ಎಲ್ಲ ಕಡೆಗೂ ಒಂದೇ ಸಮ ಬೀಳುತ್ತದೆ, ತುಕ್ಕು ಮಾತ್ರ ಹಿಂದಿನ ತೊಟ್ಟಿಯ ಎಡಗಡೆ ಮೂಲೆಯಲ್ಲಿ, ಡ್ರೈವರ್ ಸೀಟಿನ ಹಿಂದೆ ತಗಡನ್ನು ಜರಡಿ ಮಾಡಿತ್ತು. ಎಡಮೂಲೆಯಲ್ಲಿ ನಾವು ಪೊಟ್ಯಾಷ್ ಮೂಟೆ ಇಡುತ್ತಿದ್ದೆವು. ಪೊಟ್ಯಾಷ್ ಅಂದರೆ ಒಂದು ಬಗೆಯ ಉಪ್ಪೇ. ಹರಿದ ಮೂಟೆಯಿಂದ ಚೆಲ್ಲಿದ್ದು ಗುಡಿಸದೆ ಉಳಿದು, ನೀರು ಕುಡಿದು ತಗಡನ್ನು ತಿಂದಿತ್ತು. ಸೀಟಿನ ಹಿಂದೆ ಇಡುತ್ತಿದ್ದದ್ದು ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಕರಗಿಸಿದ ಡ್ರಮ್ಮು. ಮೈಲುತುತ್ತದ ನೀರು ಕಬ್ಬಿಣ ಮುಟ್ಟಿದರೆ ಅದರಲ್ಲಿನ ತಾಮ್ರ ಕಬ್ಬಿಣದ ಮೇಲೆ ಕೂತು, ಕಬ್ಬಿಣ ಕರಗುತ್ತದೆ. ಶಾಲೆಯಲ್ಲಿ ಮೊಳೆ ಹಾಕಿ ತೋರಿಸಿದ್ದ ಪ್ರಯೋಗ. ಅದನ್ನೇ ನಾವು ಇಪ್ಪತ್ತು ವರ್ಷದ ಹತ್ತಿರ ಜೀಪಿನ ಮೇಲೆ ಮಾಡುತ್ತ ಬಂದಿದ್ದೆವು. ಅಡಿಕೆಗೆ ಕೊಳೆರೋಗದ ಮದ್ದು ಹೊಡೆಯುವವರು, ಕಾಫಿಗೆ ಹೊಡೆಯುವವರು ಯಾರೇ ಇದನ್ನು ಓದುತ್ತಿದ್ದರೂ ದಯವಿಟ್ಟು ತೊಟ್ಟಿಯ ಕೆಳಗೆ ದಪ್ಪ ರಬ್ಬರ್ ಹಾಸು ಹಾಕಿ, ಸಂಜೆ ಒಂದು ಸಲ ನೀರು ಬಿಟ್ಟು ತೊಳೆಯಿರಿ. ಚಾಸಿಯ ಒಳಗೆ ಸೇರಿದ ಕೆಂಪು ಮಣ್ಣೂ ಹಾಗೇ. ನೀರು ಇಳಿದುಹೋಗಲೆಂದು ಚಾಸಿಯ ಕೆಳಮೈಯಲ್ಲಿ ಬಿಟ್ಟಿರುವ ತೂತುಗಳನ್ನು ಮಣ್ಣು ಮುಚ್ಚಿಬಿಡುತ್ತದೆ, ಒಳಗೆ ವರ್ಷವಿಡೀ ತೇವ. ಒಂದು ತಂತಿ ತೂರಿಸಿ ಆ ತೂತು ಬಿಡಿಸಲು ಐದು ನಿಮಿಷ ಸಾಕು. ಅದು ಗೊತ್ತಿಲ್ಲದ್ದಕ್ಕೆ ಆ ವರ್ಷ ತೊಟ್ಟಿಯ ತಗಡು, ಚಾಸಿಗೆ ಹೊಲಿಗೆ, ಬಣ್ಣ ಸೇರಿ 62,000 ಕೊಟ್ಟೆ.

ಕಾಗದಪತ್ರದ ಖರ್ಚನ್ನು ಮೊದಲು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಈಗ ಹಿಡಿಯಲೇಬೇಕು. ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನಮ್ಮದಕ್ಕೆ 2003, 2008, 2013, 2018, 2023. 2018ರಲ್ಲಿ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರು, ಜೀಪುಗಳಿಗೆ ಅದು 5,000 ಆಯಿತು, 2023ರಲ್ಲಿ ಕಟ್ಟಿದೆ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದವಕ್ಕೆ 10,000 ಎಂದು ಮಾಡಿದೆ. ಇದರ ಮೇಲೆ ಹಸಿರು ತೆರಿಗೆ, ಹೊಸ ನಂಬರ್ ಪ್ಲೇಟು. ಸಾವಿರದ ಐನೂರು ಸಿಸಿ ದಾಟಿದ ಖಾಸಗಿ ಗಾಡಿಗೆ ಥರ್ಡ್ ಪಾರ್ಟಿ ವಿಮೆ 7,897, ಶೇ 18 ತೆರಿಗೆ ಸೇರಿದರೆ 9,318. ತೋಟದೊಳಗೇ ಓಡಾಡುವ ಜೀಪು ಅಂತ ವಿಮೆ ಬಿಡುವವರಿದ್ದಾರೆ. ಟಾರು ರಸ್ತೆ ದಾಟುವ ಇಪ್ಪತ್ತು ಅಡಿಯಲ್ಲೂ ಒಬ್ಬ ಮನುಷ್ಯ ಅಡ್ಡ ಬರಬಹುದು. ವಿಮೆಯನ್ನು ನಾನು ಒಂದು ವರ್ಷವೂ ಬಿಟ್ಟಿಲ್ಲ.

ನವೀಕರಣದ ದಿನ ಇನ್ಸ್‌ಪೆಕ್ಟರು ಮೊದಲು ನೋಡುವುದು ಚಾಸಿ ನಂಬರ್. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕು. ತುಕ್ಕು ಆ ಅಂಕಿಗಳನ್ನು ತಿಂದಿದ್ದರೆ ಆಮೇಲೆ ಓಡಾಡುವುದು ಕಚೇರಿಯಿಂದ ಕಚೇರಿಗೆ. ನಾನು ವರ್ಷಕ್ಕೆರಡು ಸಲ ಅಲ್ಲಿ ತಂತಿ ಬ್ರಷ್ ಹಾಕದೆ ಬಟ್ಟೆಯಲ್ಲಿ ಒರೆಸಿ ಗ್ರೀಸು ಬಳಿಯುತ್ತೇನೆ. ಹಾಗೆಯೇ ದೊಡ್ಡ ಟಯರು, ಎತ್ತರಿಸಿದ ಪ್ಲೇಟು, ಬೇರೆ ಎಂಜಿನ್ ಹಾಕಿಸಿ ಮೆರೆಯುವವರಿಗೆ ಒಂದು ಮಾತು. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಕಾನೂನು ಬದಿಗಿರಲಿ, ಕೆಸರಿನಲ್ಲಿ ಈ ಜೀಪಿಗೆ ಬೇಕಾದದ್ದು ಹಳೆಯ 6.00-16 ಅಳತೆಯ ಸಪೂರ ಟಯರೇ. ಅದು ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಅಗಲ ಟಯರು ಮೇಲೆ ತೇಲಿ, ಅದರ ಭಾರವನ್ನೆಲ್ಲ ಕಿಂಗ್ ಪಿನ್ನಿನ ಮೇಲೆ, ಸ್ಟೇರಿಂಗ್ ಬಾಕ್ಸಿನ ಮೇಲೆ ಹಾಕುತ್ತದೆ.

ಇನ್ನು ಬಿಡಿಭಾಗ. ಹಳೇ ಗಾಡಿಗೆ ಸಾಮಾನು ಸಿಗುವುದಿಲ್ಲ ಎಂಬ ಮಾತು ನಮ್ಮ ಜೀಪಿನ ಮಟ್ಟಿಗೆ ಅರ್ಧ ಸತ್ಯ. ಕ್ರಾಸು, ಬೇರಿಂಗು, ಸೀಲು, ಬ್ರೇಕ್ ಶೂ, ಪ್ಲೇಟು ಚಿಕ್ಕಮಗಳೂರಿನಲ್ಲೇ ಸಿಗುತ್ತವೆ, ಇಲ್ಲವಾದರೆ ಬೆಂಗಳೂರಿನ ಜೆ.ಸಿ. ರಸ್ತೆ. ಅಲ್ಲೂ ಇಲ್ಲದ್ದು ದೆಹಲಿಯ ಕಾಶ್ಮೀರಿ ಗೇಟಿನಿಂದ ಪಾರ್ಸೆಲ್ಲಿನಲ್ಲಿ ಬರುತ್ತದೆ. ಬೇರಿಂಗಿನ ಮೇಲೆ ಅಂಕಿ ಕೆತ್ತಿರುತ್ತದೆ, ಆ ಅಂಕಿ ಹೇಳಿದರೆ ಟ್ರ್ಯಾಕ್ಟರ್ ಅಂಗಡಿಯವನೂ ಕೊಡುತ್ತಾನೆ. ಕಷ್ಟ ಇರುವುದು ಎಂಜಿನ್ನಿನ ಕೆಲವು ಭಾಗಗಳದು, ಒಳ್ಳೆ ಗುಣದ ರಬ್ಬರಿನದು. ಈಗ ಬರುವ ಕೆಲವು ಸೀಲುಗಳು ಒಂದು ಮಳೆಗಾಲ ದಾಟುವುದಿಲ್ಲ. ಬೆಲೆ ಕಡಿಮೆ ಅಂತ ನಾಲ್ಕು ತಂದರೆ ನಾಲ್ಕು ಸಲ ಕೂಲಿ ಕೊಡಬೇಕು. ಒಳ್ಳೆಯದು ಎಂದು ಗೊತ್ತಾದ ಸೀಲು ಸಿಕ್ಕಿದಾಗ ನಾನು ಆರು ಕೊಂಡು, ಬಿಸಿಲು ತಾಗದ ಹಾಗೆ ಕಾಗದದಲ್ಲಿ ಸುತ್ತಿ ಇಟ್ಟುಕೊಳ್ಳುತ್ತೇನೆ.

ಕಳೆದ ಹತ್ತು ವರ್ಷದ, ಅಂದರೆ 2015ರಿಂದ 2024ರವರೆಗಿನ ಮೊತ್ತ ಹೇಳುತ್ತೇನೆ. ಎಂಜಿನ್ ಕೆಲಸ 1,08,000. ಎರಡು ಸಲ ಟಯರು, ಟ್ಯೂಬು 56,000. ಉಳಿದ ಸಣ್ಣಪುಟ್ಟದ್ದೆಲ್ಲ, ಗ್ರೀಸು, ಆಯಿಲು, ಕ್ರಾಸು, ಬ್ಯಾಟರಿ, ಮೇಸ್ತ್ರಿಯ ಕೂಲಿ ಸೇರಿ 1,48,000. ಒಟ್ಟು 3,12,000. ಜೀಪು ವರ್ಷಕ್ಕೆ ಸುಮಾರು 4,000 ಕಿಲೋಮೀಟರ್ ಓಡುತ್ತದೆ, ಅರ್ಧಕ್ಕಿಂತ ಹೆಚ್ಚು ತೋಟದ ದಾರಿಯಲ್ಲೇ. ರಿಪೇರಿಗೆ ಕಿಲೋಮೀಟರಿಗೆ 7 ರೂಪಾಯಿ 80 ಪೈಸೆ ಬಿತ್ತು. ತೋಟದ ದಾರಿ, ಲೋ ಗೇರು ಎಲ್ಲ ಸೇರಿ ಲೀಟರಿಗೆ 8 ಕಿಲೋಮೀಟರ್ ಕೊಡುತ್ತದೆ. ಡೀಸೆಲ್ 90ರ ಆಸುಪಾಸು ಹಿಡಿದರೆ ಅದಕ್ಕೆ 11 ರೂಪಾಯಿ ಚಿಲ್ಲರೆ. ವಿಮೆಯೂ ಸೇರಿ 21 ದಾಟುತ್ತದೆ.

ಇದು ಅಗ್ಗವಲ್ಲ. ನೆಂಟರು ಹೇಳುವ ಹೊಸ ಗಾಡಿಗೆ 12 ಲಕ್ಷ ಸಾಲ ಮಾಡಿದರೆ, ಶೇ 9ರ ಬಡ್ಡಿಯಲ್ಲಿ ಮೊದಲ ವರ್ಷದ ಬಡ್ಡಿಯೇ ಒಂದು ಲಕ್ಷದ ಹತ್ತಿರ ಬರುತ್ತದೆ. ನಮ್ಮ ಎಂಜಿನ್ನನ್ನು ಹೊಸದು ಮಾಡಿಸಿದ ದುಡ್ಡು ಹೆಚ್ಚುಕಮ್ಮಿ ಅಷ್ಟೇ, ಅದು ಹತ್ತು ವರ್ಷಕ್ಕೆ ಬರುತ್ತದೆ. ಹಾಗೆಂದು ಎಲ್ಲರೂ ಹಳೇ ಜೀಪು ಇಟ್ಟುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಅಮ್ಮನನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ನಾನು ಜೀಪು ತೆಗೆಯುವುದಿಲ್ಲ, ಕಾರಿನಲ್ಲೇ ಹೋಗುತ್ತೇನೆ. ಈ ಜೀಪಿನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಹೆದ್ದಾರಿಯಲ್ಲಿ ಅರವತ್ತರ ಮೇಲೆ ಓಡಿಸುವುದು ತಪ್ಪು, ಓಡಿಸುವವನಿಗೂ ಎದುರು ಬರುವವನಿಗೂ. ದಿನಾ ನೂರು ಕಿಲೋಮೀಟರ್ ಓಡಬೇಕಾದವನು ಹೊಸದನ್ನೇ ಕೊಳ್ಳಬೇಕು. ಎರಡೂವರೆ ಕಿಲೋಮೀಟರ್ ಮಣ್ಣಿನ ದಾರಿ, ಒಂದು ಹಳ್ಳ, ಎರಡು ಏರು ಇದ್ದು, ಕೆಳಗೆ ಮಲಗಲು ತಿಂಗಳಿಗೊಂದು ಬೆಳಿಗ್ಗೆ ಬಿಡುವಿರುವವನ ಲೆಕ್ಕ ನನ್ನದು.

ಈಚೆಗೆ ಬೆಂಗಳೂರಿನ ಹುಡುಗರು ಹಳೇ ಜೀಪು ಹುಡುಕಿಕೊಂಡು ನಮ್ಮ ಕಡೆ ಬರುತ್ತಾರೆ. ಕೆಲವರು ಹರಿಯಾಣದ ಮಂಡಿ ಡಬ್ವಾಲಿಯಿಂದ ಕಟ್ಟಿಸಿಕೊಂಡು ತರುತ್ತಾರೆ. ಅವರ ಕಣ್ಣು ಮೊದಲು ಬಣ್ಣದ ಮೇಲೆ ಹೋಗುತ್ತದೆ. ನಾನು ಹೇಳುವುದು, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ಮುಂಚೆಯೇ ಸ್ಟಾರ್ಟ್ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಎಂಜಿನ್ ಓಡುತ್ತಿರುವಾಗ ಆಯಿಲ್ ಹೊಯ್ಯುವ ಮುಚ್ಚಳ ತೆಗೆದು ನೋಡಿ, ಬುಸುಬುಸು ಹೊಗೆ ಬಂದರೆ ರಿಂಗು ಮುಗಿದಿದೆ. ಮುಂದಿನ ಗಾಲಿ ಜ್ಯಾಕಿನಲ್ಲಿ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಕಿಂಗ್ ಪಿನ್ ಹೋಗಿದ್ದರೆ ಕೈಗೇ ಗೊತ್ತಾಗುತ್ತದೆ. ಗಾಲಿಯ ಹಿಂದಿರುವ ಚೆಂಡಿನಂಥ ಗುಂಡಿನ ಮೇಲೆ ತುಕ್ಕಿನ ಗುಳಿ ಬಿದ್ದಿದ್ದರೆ ಅಲ್ಲಿ ಯಾವ ಸೀಲೂ ನಿಲ್ಲುವುದಿಲ್ಲ. ಒಂದು ಸುತ್ತಿಗೆ ತೆಗೆದುಕೊಂಡು ಚಾಸಿಯ ಉದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ಗಂಟೆಯ ಹಾಗೆ ಮಾತಾಡುತ್ತದೆ, ಪುಟ್ಟಿ ಮೆತ್ತಿದ ಜಾಗ ಹಲಸಿನ ಹಣ್ಣು ಬಡಿದ ಹಾಗೆ ಡಬ್ ಅನ್ನುತ್ತದೆ. ಇದೆಲ್ಲ ಸರಿ ಇದ್ದರೆ ಬಣ್ಣ ಮಾಸಿದ್ದರೂ ಕೊಳ್ಳಬಹುದು. ಕೊಳ್ಳುವ ಬೆಲೆಯ ಮೂರರಲ್ಲೊಂದು ಭಾಗ ಮೊದಲ ವರ್ಷದ ಕೆಲಸಕ್ಕೆಂದು ಎತ್ತಿಟ್ಟುಕೊಳ್ಳಬೇಕು. ಅದಿಲ್ಲದಿದ್ದರೆ ಜೀಪು ಮೊದಲ ಮಳೆಗಾಲದಲ್ಲೇ ಶೆಡ್ಡು ಸೇರುತ್ತದೆ.

2019ರ ಆಗಸ್ಟ್ ಬಗ್ಗೆ ಹೇಳದೆ ಈ ಲೆಕ್ಕ ಮುಗಿಯುವುದಿಲ್ಲ. ಚಾರ್ಮಾಡಿ ಘಾಟಿ ಕುಸಿದು ಮುಚ್ಚಿತ್ತು, ನಮ್ಮ ತಾಲ್ಲೂಕಿನಲ್ಲಿ ಗುಡ್ಡಗಳೇ ಜಾರಿ ಮನೆ, ತೋಟ ಹೋಗಿದ್ದವು. ನಮ್ಮ ದಾರಿಯ ಎರಡನೇ ಏರಿನ ಮೇಲೆ ಮಣ್ಣು ಬಂದು ಕೂತಿತ್ತು. ಕೆಳಗಿನ ಲೈನ್ ಮನೆಯಲ್ಲಿ ಎಂಟು ತಿಂಗಳ ಬಸುರಿಯೊಬ್ಬಳಿದ್ದಳು, ರಾತ್ರಿ ನೋವು ಶುರುವಾಗಿತ್ತು. ಬೆಳಕು ಹರಿಯುವಾಗ ನಾಲ್ಕು ಜನ ಗುದ್ದಲಿ ಹಿಡಿದು ಒಂದು ಗಾಲಿಯ ಜಾಡು ಬಿಡಿಸಿದರು. ಈ ಜೀಪಿನ ಲೋ ಗೇರು ಎಂಜಿನ್ನಿನ ತಿರುಗಿಸುವ ಬಲವನ್ನು ಎರಡೂವರೆ ಪಟ್ಟಿನಷ್ಟು ಹಿಗ್ಗಿಸಿ ಗಾಲಿಗೆ ಕೊಡುತ್ತದೆ. ಆಕ್ಸಿಲರೇಟರ್ ಮುಟ್ಟದೆ, ನಡೆಯುವ ಮನುಷ್ಯನಿಗಿಂತ ನಿಧಾನವಾಗಿ ಹತ್ತಿಸಿದೆ. ಹಿಂದೆ ಅವಳ ಅತ್ತೆ ಅವಳನ್ನು ಅಪ್ಪಿ ಹಿಡಿದು ಕೂತಿದ್ದರು. ಕ್ರಾಸು ಕಡಿಯಲಿಲ್ಲ, ಬ್ರೇಕು ಹಿಡಿಯಿತು. ಟಾರು ರಸ್ತೆಯಲ್ಲಿ ಆಂಬುಲೆನ್ಸು ಕಾಯುತ್ತಿತ್ತು. ಆಗ ಹುಟ್ಟಿದ ಹುಡುಗ ಈಗ ಶಾಲೆಗೆ ಹೋಗುತ್ತಾನೆ. ಅದರ ಹಿಂದಿನ ಮೇ ತಿಂಗಳ ಪುಟದಲ್ಲಿ ‘ಕ್ರಾಸು 4, ಬ್ರೇಕ್ ಶೂ ಸೆಟ್ಟು, ವೀಲ್ ಸಿಲಿಂಡರ್ 2’ ಎಂದಿದೆ. ಆ ಪುಟವನ್ನು ನಾನು ಆಗಾಗ ತೆರೆದು ನೋಡುತ್ತೇನೆ.

ನನಗೆ ಈಗಿರುವ ಚಿಂತೆ ಸಾಮಾನಿನದಲ್ಲ, ಕೈಗಳದು. ಮೇಸ್ತ್ರಿಗೆ ಎಪ್ಪತ್ತರ ಹತ್ತಿರ. ಸ್ಕ್ರೂಡ್ರೈವರಿನ ತುದಿಯನ್ನು ಹೌಸಿಂಗಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಎರಡು ಬೇರಿಂಗಿನಲ್ಲಿ ಯಾವುದು ಹೋಗಿದೆ ಎಂದು ಹೇಳುವವರು ಅವರು. ಅವರ ಗ್ಯಾರೇಜಿನಲ್ಲಿ ಕಲಿತ ಹುಡುಗರು ಮಂಗಳೂರಿನ, ಬೆಂಗಳೂರಿನ ಶೋರೂಮುಗಳಿಗೆ ಹೋದರು. ಹೋಗಬೇಕಾದದ್ದೇ, ಅಲ್ಲಿ ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತದೆ, ಪಿಎಫ್ ಇದೆ. ಹಳೇ ಜೀಪಿನ ಮೇಸ್ತ್ರಿಗೆ ನಾವು ಕೊಡುವ ಕೂಲಿ ಅವರ ವಿದ್ಯೆಗೆ ಎಂದೂ ಸಾಟಿಯಾಗಿರಲಿಲ್ಲ. ಸಾವಿರದ ಬೇರಿಂಗಿಗೆ ಚೌಕಾಸಿ ಮಾಡದೆ ಕೊಟ್ಟು, ಮುನ್ನೂರರ ಕೂಲಿಗೆ ಐವತ್ತು ಮುರಿಯುತ್ತಿದ್ದೆವು. ನನ್ನ ಪುಸ್ತಕದಲ್ಲೂ ಆ ಐವತ್ತುಗಳಿವೆ, ಓದುವಾಗ ನಾಚಿಕೆಯಾಗುತ್ತದೆ.

ಈ ಮೇ ತಿಂಗಳಲ್ಲಿ ಹಿಂದಿನ ಆಕ್ಸಲ್ಲಿನ ಕೆಳಗೆ ಮತ್ತೆ ಒಂದು ಹನಿ ಕಂಡಿತು. ಮಧ್ಯಾಹ್ನವೇ ಮೇಸ್ತ್ರಿಗೆ ಫೋನ್ ಮಾಡಿದೆ. ಮಂಡಿನೋವು, ಕೆಳಗೆ ಹೋಗಲು ಆಗುವುದಿಲ್ಲ, ಕೂತು ಹೇಳಿಕೊಡುತ್ತೇನೆ ಎಂದು ಬಂದರು. ಜೀಪಿನ ಪಕ್ಕಕ್ಕೆ ಕುರ್ಚಿ ಹಾಕಿದೆವು. ರಜೆಗೆ ಬಂದಿದ್ದ ಮಗಳು ಕೆಳಗೆ ಹೋಗಿ ಮಲಗಿದಳು. ಶಾಫ್ಟು ಬಿಚ್ಚಿ, ಫ್ಲ್ಯಾಂಜು ತೆಗೆದು, ಹಳೇ ಸೀಲು ಕಿತ್ತು, ಕಾಗದದಲ್ಲಿ ಸುತ್ತಿಟ್ಟಿದ್ದ ಹೊಸದನ್ನು ಮರದ ತುಂಡಿಟ್ಟು ಮೆಲ್ಲಗೆ ಬಡಿದು ಕೂರಿಸಿ, ನಟ್ಟು ಬಿಗಿಯುವಷ್ಟರಲ್ಲಿ ಸಂಜೆಯಾಯಿತು. ಮೋಡ ಕಟ್ಟಿತ್ತು, ದೂರದಲ್ಲಿ ಗುಡುಗು. ಕತ್ತಲಾಗುವ ಮುಂಚೆ ಮುಗಿಯಿತಲ್ಲ ಎಂದು ನಾನು ಪಾನಾಗಳನ್ನು ಒರೆಸಿ ಚೀಲಕ್ಕೆ ಹಾಕತೊಡಗಿದೆ.

“ಫ್ಲ್ಯಾಂಜ್ ಕೈಯಲ್ಲಿ ಒಂದು ಸುತ್ತು ತಿರುಗಿಸು ಮಗಾ” ಎಂದರು ಮೇಸ್ತ್ರಿ. “ಎಲ್ಲಾ ಕಡೆ ಒಂದೇ ಸಮ ಬರುತ್ತಾ?”

ಅವಳು ತಿರುಗಿಸಿದಳು. ಇನ್ನೊಮ್ಮೆ ನಿಧಾನವಾಗಿ ತಿರುಗಿಸಿದಳು.

“ಒಂದು ಕಡೆ ಸ್ವಲ್ಪ ಬಿಗಿ ಇದೆ ಅಜ್ಜ.”

“ಸ್ವಲ್ಪಾನಾ?”

“ಸ್ವಲ್ಪ.”

ಮೇಸ್ತ್ರಿ ನನ್ನ ಕಡೆ ನೋಡಿದರು. ನಾನು ಚೀಲಕ್ಕೆ ಹಾಕಿದ್ದ ಪಾನಾ ಹೊರಗೆ ತೆಗೆದು, ಜೀಪಿನ ಕೆಳಗೆ ಚಾಚಿದ್ದ ಅವಳ ಕೈಗೆ ಕೊಟ್ಟು, ಬ್ಯಾಟರಿ ತರಲು ಒಳಗೆ ಹೋದೆ.